ಮಾನವ ಕಳ್ಳಸಾಗಣೆ: ಓದಿದವರೂ ಯಾಕೆ ಸಿಕ್ಕಿಬೀಳುತ್ತಾರೆ?

2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಥಾಯ್ಲೆಂಡ್‌ನ ಮೇ ಸೋಟ್‌ಗೆ ಹೋಗಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತಂದವು. ಅವರು ಸಿಕ್ಕಿಕೊಂಡಿದ್ದು ಹೊಳೆಯಾಚೆ, ಮ್ಯಾನ್ಮಾರ್‌ನ ಮ್ಯಾವಡ್ಡಿ ಸುತ್ತಮುತ್ತ. ಐಟಿ ಕೆಲಸ, ಡೇಟಾ ಎಂಟ್ರಿ, ಒಳ್ಳೆ ಸಂಬಳ ಎಂಬ ಮಾತು ನಂಬಿ ಬ್ಯಾಂಕಾಕ್‌ಗೆ ವಿಮಾನ ಹತ್ತಿದವರು ಅವರಲ್ಲಿ ಬಹಳ ಮಂದಿ. ಅಲ್ಲಿಂದ ಕಾರಿನಲ್ಲಿ ಗಡಿಗೆ, ಗಡಿ ದಾಟಿ ಕಾವಲಿರುವ ಕಟ್ಟಡಗಳಿಗೆ. ಇಂಥ ಕಡೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ದಿನವಿಡೀ ಕಂಪ್ಯೂಟರ್ ಮುಂದೆ ಕೂರಿಸಿ, ಯಾರ್ಯಾರಿಗೋ ಆನ್‌ಲೈನ್‌ನಲ್ಲಿ ಮೋಸ ಮಾಡುವ ಕೆಲಸ ಮಾಡಿಸುತ್ತಾರೆ.

ಇಂಥ ಸುದ್ದಿ ಬಂದಾಗ ನಮ್ಮ ಕಡೆ ಮೊದಲು ಕೇಳಿಬರುವ ಮಾತು, "ಓದಿದವರಿಗೆ ಅಷ್ಟೂ ಗೊತ್ತಾಗ್ಲಿಲ್ವಾ?" ಅದರ ಹಿಂದೆಯೇ ಇನ್ನೊಂದು, "ದುಡ್ಡಿನ ಆಸೆಗೆ ಬಿದ್ರು." ಎರಡೂ ಮಾತು ಕಾರಣವನ್ನು ಸಿಕ್ಕಿಬಿದ್ದವರ ತಲೆಯೊಳಗೆ ಹುಡುಕುತ್ತವೆ. ಕಾರಣದ ಬಹುಪಾಲು ಹೊರಗಡೆ ಇದೆ.

ಮಲೆನಾಡಿಗೆ ಇದು ದೂರದ ವಿಷಯ ಅಲ್ಲ. ಇಲ್ಲಿ ಎಷ್ಟೋ ಮನೆಗಳಿಂದ ಒಬ್ಬರಾದರೂ ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇದ್ದಾರೆ. ಇಲ್ಲಿನ ತೋಟಗಳಿಗೆ ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕದಿಂದ ಜನ ಕೆಲಸಕ್ಕೆ ಬರುತ್ತಾರೆ. ಹೀಗೆ ಹೋಗುವವರು, ಬರುವವರು ಇರುವ ಕಡೆ ಏಜೆಂಟರೂ ಇರುತ್ತಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ, ಮನುಷ್ಯರನ್ನೇ ಸರಕು ಮಾಡಿಕೊಂಡವರೂ ಇದ್ದಾರೆ. ಹಾಗಾಗಿ ಈ ವ್ಯವಹಾರ ಹೇಗೆ ಹುಟ್ಟುತ್ತದೆ ಎಂದು ತಿಳಿದಿರುವುದು ನಮಗೆ ಅಗತ್ಯ. ಅದನ್ನು ಅರ್ಥ ಮಾಡಿಕೊಳ್ಳಲು ಅಪರಾಧಶಾಸ್ತ್ರದಲ್ಲಿ ಒಂದು ಹಳೆಯ, ಗಟ್ಟಿಯಾದ ವಿಚಾರ ಇದೆ. ಅದೇ ಸ್ಟ್ರೈನ್ ಥಿಯರಿ, ಅಂದರೆ ಒತ್ತಡ ಸಿದ್ಧಾಂತ.

ಮೊದಲು ಕಾನೂನು ಏನು ಹೇಳುತ್ತದೆ

ಮಾನವ ಕಳ್ಳಸಾಗಣೆ ಅಂದ ತಕ್ಷಣ ರಾತ್ರಿ ವ್ಯಾನಿನಲ್ಲಿ ಹುಡುಗಿಯರನ್ನು ತುಂಬಿಕೊಂಡು ಹೋಗುವ ಚಿತ್ರ ಕಣ್ಣಮುಂದೆ ಬರುತ್ತದೆ. ಕಾನೂನಿನ ಕಣ್ಣಿಗೆ ಅದು ಇನ್ನೂ ಅಗಲವಾದ ವಿಷಯ. ಗಡಿ ದಾಟಲೇಬೇಕು ಅಂತಿಲ್ಲ. ತೀರ್ಥಹಳ್ಳಿ ಕಡೆಯ ಹುಡುಗಿಯನ್ನು ಸುಳ್ಳು ಹೇಳಿ ಕರೆತಂದು ಶಿವಮೊಗ್ಗದ ಮನೆಯೊಂದರಲ್ಲಿ ಕೂಡಿಹಾಕಿ ಜೀತಕ್ಕೆ ದುಡಿಸಿಕೊಂಡರೂ ಅದು ಕಳ್ಳಸಾಗಣೆಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಇದನ್ನು ವಿವರಿಸುತ್ತದೆ. ಅದಕ್ಕೂ ಮೊದಲು ಇದೇ ವಿಷಯ ಭಾರತೀಯ ದಂಡ ಸಂಹಿತೆಯ 370ನೇ ಕಲಂನಲ್ಲಿತ್ತು. ಕಲಂನಲ್ಲಿ ನೋಡಬೇಕಾದ್ದು ಮೂರು ಪ್ರಶ್ನೆ. ಏನು ಮಾಡಿದರು: ಕೆಲಸಕ್ಕೆ ಸೇರಿಸಿಕೊಂಡರೋ, ಸಾಗಿಸಿದರೋ, ಇಟ್ಟುಕೊಂಡರೋ, ಇನ್ನೊಬ್ಬರಿಗೆ ಒಪ್ಪಿಸಿದರೋ, ಪಡೆದುಕೊಂಡರೋ? ಹೇಗೆ ಮಾಡಿದರು: ಬೆದರಿಸಿಯೋ, ಬಲವಂತದಿಂದಲೋ, ಅಪಹರಿಸಿಯೋ, ಮೋಸ ಮಾಡಿಯೋ, ಅಧಿಕಾರ ಬಳಸಿಯೋ, ದುಡ್ಡಿನ ಆಮಿಷ ಒಡ್ಡಿಯೋ? ಯಾಕೆ ಮಾಡಿದರು: ಶೋಷಣೆಗಾಗಿಯೋ? ಲೈಂಗಿಕ ಶೋಷಣೆ, ಗುಲಾಮಗಿರಿ, ಜೀತ, ಭಿಕ್ಷಾಟನೆ, ಬಲವಂತವಾಗಿ ಅಂಗ ತೆಗೆಯುವುದು, ಎಲ್ಲವೂ ಶೋಷಣೆಯೊಳಗೆ ಬರುತ್ತವೆ.

ಇದರಲ್ಲಿ ಒಂದು ಮಾತು ಬಹಳ ಮುಖ್ಯ. ತೊಂದರೆಗೆ ಒಳಗಾದವರು ಒಪ್ಪಿದ್ದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. "ಅವಳೇ ಒಪ್ಪಿಕೊಂಡು ಬಂದಿದ್ದು ಸಾರ್" ಎಂದು ಆರೋಪಿ ಪಾರಾಗುವಂತಿಲ್ಲ. ಒಬ್ಬ ವಯಸ್ಕರನ್ನು ಸಾಗಿಸಿದರೆ ಏಳರಿಂದ ಹತ್ತು ವರ್ಷ ಕಠಿಣ ಶಿಕ್ಷೆ. ಮಗುವಾದರೆ ಕನಿಷ್ಠ ಹತ್ತು ವರ್ಷ, ಜೀವಾವಧಿಯವರೆಗೂ ಹೋಗಬಹುದು.

ಕಾನೂನು ಇಷ್ಟು ಬಿಗಿಯಾಗಿದ್ದರೂ ವ್ಯವಹಾರ ನಿಂತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ಇಷ್ಟು ದೊಡ್ಡ ಸಂಖ್ಯೆಗೆ "ಕೆಲವರು ಕೆಟ್ಟವರು, ಕೆಲವರು ದಡ್ಡರು" ಎಂಬ ಉತ್ತರ ಸಾಲುವುದಿಲ್ಲ.

ಅಡಿಕೆ ಕೊನೆ ಮೇಲಿದೆ, ದೋಟಿ ಯಾರ ಕೈಲಿದೆ?

1938ರಲ್ಲಿ ರಾಬರ್ಟ್ ಕೆ. ಮರ್ಟನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಪ್ರಬಂಧ ಬರೆದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಫಿಲಡೆಲ್ಫಿಯಾದ ಬಡ ವಲಸೆ ಕುಟುಂಬದಲ್ಲಿ ಹುಟ್ಟಿದವರು. 1929ರಲ್ಲಿ ಷೇರುಪೇಟೆ ಕುಸಿದ ಮೇಲೆ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದ ಕಾಲ ಅದು. ಆದರೂ ‘ಕಷ್ಟಪಟ್ಟರೆ ಯಾರು ಬೇಕಾದರೂ ಶ್ರೀಮಂತರಾಗಬಹುದು’ ಎಂಬ ಮಾತು ಮಾತ್ರ ಜೋರಾಗಿ ನಡೆದಿತ್ತು. ಈ ಮಾತಿಗೂ ಜನರ ನಿಜವಾದ ಬದುಕಿಗೂ ನಡುವೆ ಇದ್ದ ಅಂತರವನ್ನೇ ಮರ್ಟನ್ ಹಿಡಿದುಕೊಂಡರು.

ಅದನ್ನು ನಮ್ಮ ತೋಟದಲ್ಲಿ ನಿಂತು ನೋಡೋಣ. ಅಡಿಕೆ ಕೊನೆ, ಅಂದರೆ ಅಡಿಕೆ ಗೊಂಚಲು, ಮರದ ತುದಿಯಲ್ಲಿದೆ. ಊರಿನ ಎಲ್ಲರಿಗೂ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದು ಒಂದೇ: ಕೊನೆ ಇಳಿಸಿದವನೇ ಗಂಡಸು, ಅವನಿಗೇ ಮರ್ಯಾದೆ. ಆದರೆ ಕೊನೆ ಕೊಯ್ಯುವ ಉದ್ದನೆಯ ಕೋಲು, ದೋಟಿ, ಕೆಲವರ ಮನೆಯಲ್ಲಿ ಮಾತ್ರ ಇದೆ. ಮರ ಹತ್ತಲು ಕಲಿಸುವವರೂ ಎಲ್ಲರಿಗೂ ಸಿಗುವುದಿಲ್ಲ. ಆಸೆಯನ್ನು ಎಲ್ಲರಿಗೂ ಸಮನಾಗಿ ಹಂಚಿ, ಅದನ್ನು ತಲುಪುವ ಸಾಧನವನ್ನು ಕೆಲವರಿಗೆ ಮಾತ್ರ ಕೊಟ್ಟರೆ ಮಧ್ಯದಲ್ಲಿ ಹುಟ್ಟುವ ಸಂಕಟವೇ ಮರ್ಟನ್ ಹೇಳಿದ ಒತ್ತಡ. ಬಡತನ ಒಂದೇ ಇದ್ದರೆ ಇದು ಹುಟ್ಟುವುದಿಲ್ಲ. ಕೊನೆಯ ಆಸೆಯೇ ಇಲ್ಲದ ಊರಿನಲ್ಲಿ ದೋಟಿ ಇಲ್ಲದಿರುವುದು ಯಾರನ್ನೂ ಚುಚ್ಚುವುದಿಲ್ಲ.

ಈ ಸಂಕಟಕ್ಕೆ ಜನ ಐದು ಬಗೆಯಲ್ಲಿ ಸ್ಪಂದಿಸುತ್ತಾರೆ ಎಂದರು ಮರ್ಟನ್. ಬಹುಪಾಲು ಜನ ದೋಟಿ ಸಿಗುವವರೆಗೆ ಕಾಯುತ್ತಾರೆ, ಸಾಲ ಮಾಡಿಯಾದರೂ ಕೊಳ್ಳುತ್ತಾರೆ. ನೇರ ದಾರಿ ಬಿಡುವುದಿಲ್ಲ. ಎರಡನೆಯವರಿಗೆ ಕೊನೆ ಬೇಕು, ಆದರೆ ಇರುವ ದಾರಿ ಬೇಡ. ರಾತ್ರಿ ಇನ್ನೊಬ್ಬರ ತೋಟಕ್ಕೆ ನುಗ್ಗುತ್ತಾರೆ. ಅಪರಾಧದ ಬಹುಭಾಗ ಹುಟ್ಟುವುದು ಇಲ್ಲಿ. ಮೂರನೆಯವರು ಕೊನೆಯ ಆಸೆ ಬಿಟ್ಟು ಸುಮ್ನೆ ದಿನವೂ ದೋಟಿ ಹೊತ್ತು ತಿರುಗುತ್ತಾರೆ. ನಾಲ್ಕನೆಯವರು ತೋಟದ ಸಹವಾಸವೇ ಬೇಡವೆಂದು ಕುಡಿತಕ್ಕೋ ಅಮಲಿಗೋ ಬೀಳುತ್ತಾರೆ. ಐದನೆಯವರು ಈ ತೋಟದ ಲೆಕ್ಕವೇ ತಪ್ಪು, ಅದನ್ನೇ ಬದಲಾಯಿಸಬೇಕು ಎನ್ನುತ್ತಾರೆ. ಐದನೆಯದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ಎದುರು ನಿಂತಿದ್ದು ಇದೇ. ಒತ್ತಡ ಪ್ರತಿ ಸಲವೂ ಅಪರಾಧವನ್ನೇ ಹುಟ್ಟಿಸುವುದಿಲ್ಲ, ಚಳವಳಿಯನ್ನೂ ಹುಟ್ಟಿಸುತ್ತದೆ.

ಕಳ್ಳಸಾಗಣೆಯಲ್ಲಿ ಏಜೆಂಟ್ ಎರಡನೇ ಗುಂಪಿನವನು ಎಂಬುದು ಸುಲಭವಾಗಿ ಹೊಳೆಯುತ್ತದೆ. ಸಿಕ್ಕಿಬಿದ್ದವರು ಯಾವ ಗುಂಪು? ಸಾಮಾನ್ಯವಾಗಿ ಅವರು ಮೊದಲನೇ ಗುಂಪಿನವರು! ಅವರು ಅಡ್ಡದಾರಿ ಹುಡುಕಿದವರಲ್ಲ, ಕೆಲಸ ಹುಡುಕಿದವರು. ಬಯೋಡೇಟಾ ಕಳಿಸಿದರು, ಫೋನಿನಲ್ಲಿ ಸಂದರ್ಶನ ಕೊಟ್ಟರು, ಸಾಲ ಮಾಡಿ ಟಿಕೆಟ್ ತೆಗೆದರು. ಸಮಾಜ ಏನು ಮಾಡು ಅಂದಿತ್ತೋ ಅದನ್ನೇ ಮಾಡಿದರು. ಏಜೆಂಟ್ ಅವರಿಗೆ ಮಾರಿದ್ದು ನಕಲಿ ದೋಟಿ. ನೇರ ದಾರಿಯಲ್ಲಿ ನಡೆಯಬೇಕು ಎಂಬ ಅವರ ಹಟವೇ ಅವನ ಬಂಡವಾಳ. ಇದನ್ನು ಒಪ್ಪಿಕೊಂಡರೆ "ಆಸೆಗೆ ಬಿದ್ರು" ಎಂಬ ಮಾತು ನಾಲಿಗೆ ತುದಿಗೆ ಬರುವುದಿಲ್ಲ.

ಧಾರಣೆ ಏರಿದಾಗಲೂ ಒತ್ತಡ

ಮರ್ಟನ್‌ಗಿಂತ ಮೊದಲೇ, 1897ರಲ್ಲಿ, ಫ್ರಾನ್ಸ್‌ನ ಎಮಿಲ್ ಡರ್ಕೈಮ್ ಆತ್ಮಹತ್ಯೆಯ ಬಗ್ಗೆ ಬರೆಯುತ್ತಾ ಒಂದು ವಿಚಿತ್ರ ಸಂಗತಿ ಗಮನಿಸಿದ್ದರು. ಆರ್ಥಿಕತೆ ಕುಸಿದಾಗ ಜನ ಕಂಗೆಡುವುದು ಸಹಜ. ಆದರೆ ದಿಢೀರ್ ಶ್ರೀಮಂತಿಕೆ ಬಂದಾಗಲೂ ಜನ ಕಂಗೆಡುತ್ತಾರೆ. ಎಷ್ಟಕ್ಕೆ ಸಾಕು ಅನ್ನಬೇಕು ಎಂಬ ಅಳತೆ ಆಗ ತಪ್ಪಿಹೋಗುತ್ತದೆ.

ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರಣೆ ಏರಿದ ವರ್ಷ ಹೊಸ ಮನೆ ಏಳುತ್ತದೆ, ಕಾರು ಬರುತ್ತದೆ, ಮದುವೆಯ ಖರ್ಚು ಏರುತ್ತದೆ. ಧಾರಣೆ ಇಳಿದರೂ ಮದುವೆಯ ಖರ್ಚು ಇಳಿಯುವುದಿಲ್ಲ. ಹತ್ತು ಎಕರೆಯವನು ಹೇಗೋ ತಡೆದುಕೊಳ್ಳುತ್ತಾನೆ. ಅರ್ಧ ಎಕರೆ ಬಗರ್‌ಹುಕುಂ ಜಮೀನಿನವನು, ತೋಟವೇ ಇಲ್ಲದೆ ಸೀಸನ್‌ನಲ್ಲಿ ಅಡಿಕೆ ಸುಲಿಯಲು ಹೋಗುವ ಹೆಣ್ಣುಮಗಳು ಕೂಡ ಅದೇ ಮದುವೆಗಳನ್ನು ನೋಡಿ ಬರುತ್ತಾರೆ. ಅಳತೆ ಎಲ್ಲರಿಗೂ ಒಂದೇ ಆಗಿಬಿಡುತ್ತದೆ.

ಕೈಗೆ ಬಂದಿದ್ದು ಜಾರಿದಾಗ

ಮರ್ಟನ್ ಹೇಳಿದ್ದು ಮುಖ್ಯವಾಗಿ ದುಡ್ಡು, ಅಂತಸ್ತಿನ ಒತ್ತಡದ ಬಗ್ಗೆ. ಬದುಕಿನಲ್ಲಿ ಇನ್ನೂ ಎಷ್ಟೋ ಒತ್ತಡ ಇರುತ್ತದಲ್ವಾ? 1992ರಲ್ಲಿ ರಾಬರ್ಟ್ ಆಗ್ನ್ಯೂ ಎಂಬ ಅಮೆರಿಕದ ಅಪರಾಧಶಾಸ್ತ್ರಜ್ಞ ಈ ಸಿದ್ಧಾಂತವನ್ನು ಹಿಗ್ಗಿಸಿದರು. ಅವರು ಒತ್ತಡವನ್ನು ಮೂರು ಬಗೆ ಮಾಡಿದರು. ಬಯಸಿದ್ದು ಸಿಗದಿರುವುದು ಒಂದು. ಕೈಲಿದ್ದದ್ದು ಹೋಗುವುದು ಇನ್ನೊಂದು. ಬೇಡವಾದದ್ದು ಬಂದು ಕಾಡುವುದು ಮತ್ತೊಂದು.

ಮೊದಲನೆಯದನ್ನು ಆಗಲೇ ನೋಡಿದೆವು. ಡಿಪ್ಲೊಮಾ ಮುಗಿಸಿದ ಹುಡುಗ, ಬಿಕಾಂ ಮುಗಿಸಿದ ಹುಡುಗಿ, ಊರಿನ ಹತ್ತಿರ ಓದಿಗೆ ತಕ್ಕ ಕೆಲಸ ಇಲ್ಲ.

ಎರಡನೆಯದಕ್ಕೆ ಭದ್ರಾವತಿಯನ್ನು ನೋಡಿ. ಆ ಊರು ಬೆಳೆದದ್ದೇ ಎರಡು ಕಾರ್ಖಾನೆಗಳ ಸುತ್ತ. ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆದವು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಕೆಲಸ ಅಂದರೆ ಸಂಬಳ ಒಂದೇ ಅಲ್ಲ. ಕ್ವಾರ್ಟರ್ಸ್, ಮಕ್ಕಳ ಶಾಲೆ, ‘ಫ್ಯಾಕ್ಟರಿಯವರು’ ಎಂಬ ಗೌರವ, ಎಲ್ಲ ಅದರ ಜೊತೆಗೇ ಇರುತ್ತವೆ. ಇಲ್ಲದ್ದನ್ನು ಬಯಸುವವನಿಗಿಂತ ಇದ್ದದ್ದನ್ನು ಕಳೆದುಕೊಂಡವನ ಸಂಕಟ ಹರಿತ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಜನರನ್ನು ನೆನೆಯಿರಿ. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅವರ ಭೂಮಿಯ ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಇತ್ತೀಚೆಗೆ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ತೋಟಗಳಿಗೆ ಬಿದ್ದ ಎಲೆಚುಕ್ಕಿ ರೋಗವೂ ಇದೇ ಬಗೆಯ ಪೆಟ್ಟು. ಮರ ಕಣ್ಣಮುಂದೆಯೇ ಸೊರಗುತ್ತದೆ, ಮರಳಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಈ ಊರುಗಳಲ್ಲಿ ಕಳ್ಳಸಾಗಣೆ ಹೆಚ್ಚಿದೆ ಎಂದು ನಾನು ಹೇಳುತ್ತಿಲ್ಲ. ಆಗ್ನ್ಯೂ ಹೇಳುವ ‘ಕಳೆದುಕೊಳ್ಳುವ ಒತ್ತಡ’ ಇಲ್ಲಿ ಹೇಗೆ ಕಾಣುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯದು ಮನೆಯೊಳಗಿನದು. ಕುಡಿದು ಹೊಡೆಯುವ ಅಪ್ಪ, ಓದು ಬಿಡಿಸಿ ಬೇಗ ಮದುವೆ ಮಾಡುವ ಮಾತು, ಜಾತಿ ಬೇರೆಯ ಪ್ರೀತಿ, ಬಾಗಿಲಿಗೆ ಬಂದು ಕೂರುವ ಸಾಲದ ವಸೂಲಿಯವರು. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲೆಂದೇ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತಿನ ದಿನ ಹತ್ತಿರ ಬಂದಾಗ ಒಬ್ಬರು ಬಂದು "ಬೆಂಗಳೂರಲ್ಲಿ ಮನೆಕೆಲಸ ಇದೆ, ತಿಂಗಳ ಸಂಬಳ ಮುಂಗಡ ಕೊಡ್ತೀವಿ" ಅಂದರೆ ಆ ಹೆಣ್ಣುಮಗಳಿಗೆ ಅದು ಬಾಗಿಲ ಮುಂದೆ ಕೂತವರಿಂದ ಬಿಡುಗಡೆ.

ಆಗ್ನ್ಯೂ ಸೇರಿಸಿದ ಇನ್ನೊಂದು ಅಂಶ ಭಾವನೆ. ಒತ್ತಡದಿಂದ ಸಿಟ್ಟು, ಅವಮಾನ, ಭಯ ಹುಟ್ಟುತ್ತವೆ. ಅವು ಯೋಚಿಸುವ ಸಮಯವನ್ನು ಕಿತ್ತುಕೊಳ್ಳುತ್ತವೆ. "ನಾಡಿದ್ದೇ ಹೊರಡಬೇಕು, ಸೀಟು ಎರಡೇ ಇರೋದು" ಎಂದು ಏಜೆಂಟ್ ಅವಸರ ಮಾಡುವುದು ಇದಕ್ಕೇ. ಓದಿದವರು ಸಿಕ್ಕಿಬೀಳುವುದೂ ಇಲ್ಲಿಯೇ. ಓದು ಜನರಿಗೆ ಮಾಹಿತಿ ಕೊಡುತ್ತದೆ, ಒತ್ತಡವನ್ನು ಕಡಿಮೆ ಮಾಡುವುದಿಲ್ಲ. ಎಷ್ಟೋ ಸಲ ಓದಿದವರ ಮೇಲೆ ಮನೆಯವರ ನಿರೀಕ್ಷೆ ಜಾಸ್ತಿ ಇರುತ್ತದೆ. ಓದಿಸಲು ಮಾಡಿದ ಸಾಲವೂ ಇರುತ್ತದೆ.

ಒಂದು ವಿಷಯ ಸ್ಪಷ್ಟಪಡಿಸಬೇಕು. ಮರ್ಟನ್, ಆಗ್ನ್ಯೂ ಇಬ್ಬರೂ ಬರೆದಿದ್ದು ಮುಖ್ಯವಾಗಿ ಅಪರಾಧ ಮಾಡುವವರ ಬಗ್ಗೆ. ತೊಂದರೆಗೆ ಒಳಗಾಗುವವರಿಗೂ ಇದನ್ನು ಅನ್ವಯಿಸುವುದು ಸಿದ್ಧಾಂತವನ್ನು ಒಂದು ಹೆಜ್ಜೆ ಮುಂದೆ ಒಯ್ದಂತೆ. ಆ ಹೆಜ್ಜೆ ಇಡದಿದ್ದರೆ ಕಳ್ಳಸಾಗಣೆ ಪೂರ್ತಿ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಏಜೆಂಟ್ ಹುಟ್ಟುವುದು ಹೇಗೆ

ಒತ್ತಡ ಇದ್ದ ಮಾತ್ರಕ್ಕೆ ಯಾರೂ ಏಜೆಂಟ್ ಆಗಲಾರರು. 1960ರಲ್ಲಿ ರಿಚರ್ಡ್ ಕ್ಲೋವರ್ಡ್ ಮತ್ತು ಲಾಯ್ಡ್ ಓಲಿನ್ ಎಂಬಿಬ್ಬರು ಮರ್ಟನ್ ವಿಚಾರಕ್ಕೆ ಒಂದು ಒಳ್ಳೆಯ ತಿದ್ದುಪಡಿ ಸೇರಿಸಿದರು. ನೇರ ದಾರಿ ಎಲ್ಲರಿಗೂ ಸಿಗುವುದಿಲ್ಲ, ಸರಿ. ಆದರೆ ಅಡ್ಡದಾರಿಯೂ ಎಲ್ಲರಿಗೂ ಸಿಗುವುದಿಲ್ಲ! ಅದಕ್ಕೂ ಪರಿಚಯ ಬೇಕು, ಕಲಿಸುವವರು ಬೇಕು, ನಂಬುವವರು ಬೇಕು.

ಕಳ್ಳಸಾಗಣೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಹಳ್ಳಿಗೆ ಬರುವ ಏಜೆಂಟ್ ಅನೇಕ ಸಲ ಪರಿಚಿತ. ದೂರದ ಸಂಬಂಧಿ, ಪಕ್ಕದೂರಿನವನು, ಮೊದಲು ಅದೇ ಕೆಲಸಕ್ಕೆ ಹೋಗಿ ಬಂದವನು. ಅವನಿಗೆ ಅತ್ತ ಪಟ್ಟಣದ ನಂಟು ಇದೆ, ಇತ್ತ ಊರಿನ ನಂಬಿಕೆ ಇದೆ. ಒಬ್ಬರಿಗೆ ಇಷ್ಟು ಎಂದು ಕಮಿಷನ್. ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಕೆಳಗಿನವನಿಗೆ ಕೊನೆಯಲ್ಲಿ ಏನಾಗುತ್ತದೆ ಎಂದು ಪೂರ್ತಿ ಗೊತ್ತಿರುವುದೂ ಇಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ.

ಈ ಅಪರಾಧದಲ್ಲಿ ಶಿಕ್ಷೆಯಾದವರಲ್ಲಿ ಹೆಂಗಸರ ಪಾಲು ಬೇರೆ ಅಪರಾಧಗಳಿಗಿಂತ ಜಾಸ್ತಿ ಎಂದು ವಿಶ್ವಸಂಸ್ಥೆಯ ವರದಿಗಳು ಹೇಳುತ್ತವೆ. ಅವರಲ್ಲಿ ಕೆಲವರು ಒಂದು ಕಾಲಕ್ಕೆ ತಾವೇ ಮಾರಾಟವಾಗಿದ್ದವರು. ಮ್ಯಾವಡ್ಡಿಯಂಥ ಕಡೆಯ ಆನ್‌ಲೈನ್ ವಂಚನೆ ಕೇಂದ್ರಗಳಿಂದ ಬಿಡಿಸಿಕೊಂಡು ಬಂದ ಕೆಲವರ ಹೇಳಿಕೆಗಳಲ್ಲೂ ಇದರ ಇನ್ನೊಂದು ರೂಪ ಸಿಗುತ್ತದೆ: ದುಡ್ಡು ಕಟ್ಟು, ಇಲ್ಲವೇ ನಿನ್ನ ಬದಲು ಬೇರೆಯವರನ್ನು ಕರೆಸು. ಅಲ್ಲಿರುವವರ ಎದುರು ಎರಡೇ ಬಾಗಿಲು, ಎರಡೂ ಕೆಟ್ಟವು. ಮರ್ಟನ್ ಮಾತಿನಲ್ಲಿ ಹೇಳುವುದಾದರೆ ಮೊದಲನೇ ಗುಂಪಿನವರನ್ನು ಹೊಡೆದು ಬಡಿದು ಎರಡನೇ ಗುಂಪಿಗೆ ತಳ್ಳುವುದು ಇದು. ಪೊಲೀಸರಿಗೂ ನ್ಯಾಯಾಲಯಕ್ಕೂ ಇಲ್ಲಿಯೇ ಕಷ್ಟ. ಸಿಕ್ಕವರು ಆರೋಪಿಯೋ, ಸಂತ್ರಸ್ತರೋ? ಎಷ್ಟೋ ಸಲ ಎರಡೂ.

ಕೆಲಸ ಕೊಡುವವರ ಮೇಲೂ ಒತ್ತಡ ಇದೆ

ಇದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಮಾತಾಡದ ಭಾಗ. ಕಾಫಿ ಹಣ್ಣು ಉದುರುವ ಮೊದಲು ಕುಯ್ಯಬೇಕು. ಅಡಿಕೆ ಕೊನೆ ಸಮಯಕ್ಕೆ ಇಳಿಯಬೇಕು, ಸುಲಿಯಬೇಕು, ಬೇಯಿಸಬೇಕು. ಊರಿನ ಹುಡುಗರು ಬೆಂಗಳೂರಿಗೆ ಹೋಗಿದ್ದಾರೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ವಯಸ್ಸಾಗಿದೆ. ತೋಟದವರು ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟು ಹೊರಗಿನಿಂದ ಜನ ಕರೆತರುತ್ತಾನೆ. ಕೂಲಿಯವರ ಲೈನ್ ಮನೆಗಳು ತುಂಬುತ್ತವೆ.

ಇದರಲ್ಲಿ ತಪ್ಪೇನೂ ಇಲ್ಲ. ವಲಸೆ ಅಪರಾಧ ಅಲ್ಲ, ವಲಸೆ ಕಾರ್ಮಿಕರನ್ನು ಕೆಲಸಕ್ಕಿಟ್ಟುಕೊಳ್ಳುವುದೂ ಅಪರಾಧ ಅಲ್ಲ. ದುಡಿದು ಊರಿಗೆ ದುಡ್ಡು ಕಳಿಸಿ ಮರುವರ್ಷ ತಾವಾಗಿಯೇ ಅದೇ ತೋಟಕ್ಕೆ ಬರುವವರು ಸಾಕಷ್ಟು ಮಂದಿ ಇದ್ದಾರೆ. ಗೆರೆ ಎಲ್ಲಿದೆ ಅಂದರೆ, ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯದಲ್ಲಿದೆ. ಮುಂಗಡ ತೀರುವವರೆಗೆ ಹೋಗುವಂತಿಲ್ಲ ಅಂದರೆ, ಆಧಾರ್ ಕಾರ್ಡು ಇಟ್ಟುಕೊಂಡರೆ, ಕೂಲಿಯ ಲೆಕ್ಕ ತೋರಿಸದೆ ಸಾಲವನ್ನೇ ಬೆಳೆಸುತ್ತಾ ಹೋದರೆ, ಫೋನ್ ಕಿತ್ತುಕೊಂಡರೆ ಅದು ಜೀತ. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. ಆ ಕಾಯ್ದೆಯಡಿ ಜೀತದ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆ ಎಂದಿತು. ಹಸಿವಿನ ಒತ್ತಾಯವೂ ಒತ್ತಾಯವೇ ಎಂಬುದು ಆ ತೀರ್ಪಿನ ತಿರುಳು.

ಧಾರಣೆ ಇಳಿದಿದೆ, ಕೆಲಸಕ್ಕೆ ಜನ ಇಲ್ಲ, ಬ್ಯಾಂಕಿನ ಸಾಲ ಇದೆ. ಮಾಲೀಕರ ಮೇಲೂ ಒತ್ತಡ ಇರುವುದು ನಿಜ. ಆ ಒತ್ತಡವನ್ನು ಅವರು ಕೂಲಿಯವರ ತಲೆಗೆ ದಾಟಿಸಿದಾಗ ‘ಹೇಗಾದರೂ ಮಾಡಿ ಅಗ್ಗಕ್ಕೆ ಜನ ಕರೆತಾ’ ಎಂಬ ಬೇಡಿಕೆ ಹುಟ್ಟುತ್ತದೆ. ಆ ಬೇಡಿಕೆ ಇಲ್ಲದಿದ್ದರೆ ಏಜೆಂಟ್‌ಗೆ ವ್ಯಾಪಾರವೇ ಇಲ್ಲ.

ಮದುವೆಯಲ್ಲೂ ಹೀಗೆಯೇ. ಹಳ್ಳಿಯಲ್ಲಿ ಕೃಷಿ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಮಾತು ಮಲೆನಾಡಿನ ಮನೆಮನೆಯಲ್ಲಿದೆ. ಹರಿಯಾಣದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಕುಸಿದಾಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ದುಡ್ಡು ಕೊಟ್ಟು ಹೆಣ್ಣು ತರುವ ದಲ್ಲಾಳಿಗಳ ಜಾಲವೇ ಬೆಳೆಯಿತು. ದೂರದ ಊರಿನ ಹೆಣ್ಣು ತರುವುದು ತಪ್ಪಲ್ಲ. ದಲ್ಲಾಳಿ ಹುಡುಗಿಯ ತವರಿನ ವಿಳಾಸ ಕೊಡಲು ಒಪ್ಪದಿದ್ದರೆ, ಅವಳ ಜೊತೆ ಒಂಟಿಯಾಗಿ ಮಾತಾಡಲು ಬಿಡದಿದ್ದರೆ ಅಲ್ಲಿಗೆ ನಿಲ್ಲಿಸಬೇಕು.

ಈ ಸಿದ್ಧಾಂತ ಎಲ್ಲಿ ಸಾಲದು

ದೊಡ್ಡ ಪ್ರಶ್ನೆಯೊಂದು ಹಾಗೇ ಉಳಿಯುತ್ತದೆ. ಒಂದೇ ಊರಿನಲ್ಲಿ, ಒಂದೇ ಕಷ್ಟದಲ್ಲಿ ಇದ್ದವರಲ್ಲಿ ಒಬ್ಬ ಏಜೆಂಟ್ ಆಗುತ್ತಾನೆ, ನೂರು ಜನ ಆಗುವುದಿಲ್ಲ. ಯಾಕೆ? ಒತ್ತಡವನ್ನು ತಡೆದುಕೊಳ್ಳುವ ಶಕ್ತಿ, ಆಸರೆಯಾಗುವ ಜನ, ಜೊತೆಗಾರರು ಇವೆಲ್ಲ ಲೆಕ್ಕಕ್ಕೆ ಬರುತ್ತವೆ ಎಂದು ಆಗ್ನ್ಯೂ ಹೇಳುತ್ತಾರೆ. ಉತ್ತರ ಅಲ್ಲಿಗೂ ಪೂರ್ತಿಯಾಗುವುದಿಲ್ಲ. ಯಾವ ಕೊರತೆಯೂ ಇಲ್ಲದೆ, ಲಾಭಕ್ಕಾಗಿಯೇ ಈ ದಂಧೆ ನಡೆಸುವವರೂ ಇದ್ದಾರೆ. ವಂಚನೆ ಕೇಂದ್ರಗಳ ಒಡೆಯರು ಬಡವರಲ್ಲ. ಅವರ ವಿಷಯದಲ್ಲಿ ಕಾವಲು ಎಷ್ಟು ಸಡಿಲ, ಸಿಕ್ಕಿಬೀಳುವ ಭಯ ಎಷ್ಟು ಕಡಿಮೆ ಎಂದು ನೋಡುವ ಸಿದ್ಧಾಂತಗಳೇ ಹೆಚ್ಚು ಉಪಯೋಗ.

ಜಾತಿ ಮತ್ತು ಹೆಣ್ಣುತನದ ಪ್ರಶ್ನೆ ಇನ್ನೊಂದು. ಅಮೆರಿಕದ ದುಡ್ಡಿನ ಕನಸನ್ನು ಮನಸ್ಸಿನಲ್ಲಿಟ್ಟು ಬರೆದ ಸಿದ್ಧಾಂತದಲ್ಲಿ ಹುಟ್ಟಿನಿಂದಲೇ ದೋಟಿ ಮುಟ್ಟಬಾರದು ಅನ್ನಿಸಿಕೊಂಡವರ ಕತೆಗೆ ಜಾಗ ಕಡಿಮೆ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಗಿ ಬಂದದ್ದು ಬರೀ ಬಡತನದ ಕಾರಣಕ್ಕಲ್ಲ. ಇನ್ನು, ಒತ್ತಡ ಕಾರಣ ಅಂದ ಮಾತ್ರಕ್ಕೆ ಅಪರಾಧಿಗೆ ರಿಯಾಯಿತಿ ಎಂದೂ ಅಲ್ಲ. ಕಾರಣ ತಿಳಿಯುವುದು ಬೇರೆ, ಕ್ಷಮಿಸುವುದು ಬೇರೆ.

ಹೊರಡುವ ಮೊದಲು, ವಾಪಸ್ ಬಂದ ಮೇಲೆ

ಈ ಕಣ್ಣಿನಿಂದ ನೋಡಿದಾಗ ‘ಎಚ್ಚರವಾಗಿರಿ’ ಎಂಬ ಪೋಸ್ಟರ್ ಸಾಲದು ಎಂದು ಗೊತ್ತಾಗುತ್ತದೆ. ಕೆಲಸ ಬೇಕಾದವರಿಗೆ ಬೇಕಿರುವುದು ಅಸಲಿ ದಾರಿ ಯಾವುದು ಎಂದು ಪರೀಕ್ಷಿಸುವ ಉಪಾಯ. ವಿದೇಶಕ್ಕೆ ಕೆ‌ಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಪಟ್ಟಿ ಇದೆ. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ, 30,000 ರೂಪಾಯಿ ಮತ್ತು ಜಿಎಸ್‌ಟಿ. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ ಮುಂದಿನ ಮಾತೇ ಬೇಡ. ಸಿಕ್ಕಿಕೊಂಡವರ ಸುಳಿವು ಸಿಕ್ಕರೆ 112, ಮಕ್ಕಳಾದರೆ 1098, ಹೆಣ್ಣುಮಕ್ಕಳಿಗೆ 181. ಹೊರದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ. ದೂರು ಕೊಡಲು ಘಟನೆ ನಡೆದ ಊರಿನ ಠಾಣೆಗೇ ಹೋಗಬೇಕಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್ಐಆರ್ ದಾಖಲಿಸಬಹುದು.

ಬಿಡಿಸಿಕೊಂಡು ಬಂದಲ್ಲಿಗೆ ಕತೆ ಮುಗಿಯುವುದಿಲ್ಲ. ಹೋಗುವಾಗ ಇದ್ದ ಸಾಲ ಈಗ ದುಪ್ಪಟ್ಟಾಗಿರುತ್ತದೆ, ಜೊತೆಗೆ ಊರಿನವರ ಮಾತು. ಮೊದಲು ತಳ್ಳಿದ ಒತ್ತಡ ಇನ್ನಷ್ಟು ಬಲವಾಗಿ ಮನೆಯಲ್ಲೇ ಕಾದು ಕೂತಿರುತ್ತದೆ. ಒಮ್ಮೆ ಬಿಡುಗಡೆಯಾದವರು ಮತ್ತೆ ಸಿಕ್ಕಿಬೀಳುವುದು ಇದರಿಂದಲೇ. ಜೀತದಿಂದ ಬಿಡುಗಡೆಯಾದವರಿಗೆ 2016ರ ಕೇಂದ್ರ ಯೋಜನೆಯಲ್ಲಿ ಪುನರ್ವಸತಿ ಹಣ ಇದೆ. ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಕಳ್ಳಸಾಗಣೆ ಅಥವಾ ಲೈಂಗಿಕ ಶೋಷಣೆಯಂಥ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಆದರೆ ಪೂರ್ತಿ ಹಣ ಆರೋಪಿಗೆ ಶಿಕ್ಷೆಯಾಗುವುದರ ಜೊತೆ ತಳುಕು ಹಾಕಿಕೊಂಡಿದೆ, ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿ ಮೊದಲು ಸಿಗುವ ತುರ್ತು ಪರಿಹಾರವನ್ನು ಬಿಡಬಾರದು. ಅದಕ್ಕೆ ಬೇಕಾದದ್ದು ಬಿಡುಗಡೆ ಪತ್ರ. ಶಿವಮೊಗ್ಗ ಜಿಲ್ಲೆಯವರು ಅದನ್ನು ಕೇಳಬೇಕಾದ್ದು ಶಿವಮೊಗ್ಗ ಅಥವಾ ಸಾಗರದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಅರ್ಜಿ ಬರೆಯಲು, ಸಂತ್ರಸ್ತರ ಪರಿಹಾರ ಕೇಳಲು ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಅದರ ಸಹಾಯವಾಣಿ 15100.